ಆಲ್ಗಾಲ್ ಏಕೆ ಮಂಕಾಗುತ್ತದೆ?

ಪ್ರಶ್ನೆ: ಪರ್ಸಿಯಸ್ ನಕ್ಷತ್ರಪುಂಜದ ಆಲ್ಗಾಲ್ ಒಂದು ಜೋಡಿ ನಕ್ಷತ್ರವೆಂದು ಓದಿದ್ದೇನೆ. ದೂರದರ್ಶಕದಲ್ಲಿಯೂ ಒಂದೇ ಚುಕ್ಕಿಯಾಗಿ ಕಾಣುವ ಅದರಲ್ಲಿ ಎರಡು ನಕ್ಷತ್ರಗಳಿವೆಯೆಂದು ತಿಳಿದದ್ದು ಹೇಗೆ? ಅವುಗಳಲ್ಲಿ ಹಗುರವಾದದ್ದಕ್ಕೇ ಮೊದಲು ಮುಪ್ಪು ಬಂದಿದೆ ಎಂಬುದು ನಿಜವೇ? ಬರಿಗಣ್ಣಿನಿಂದ ಇದನ್ನು ಗಮನಿಸಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸುಮಾರು 90 ಜ್ಯೋತಿರ್ವರ್ಷ ದೂರದ ಆಲ್ಗಾಲ್‌ನ ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಸಾಮಾನ್ಯವಾಗಿ 2.1. ಆದರೆ 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಅದು 3.4ಕ್ಕೆ ಇಳಿಯುತ್ತದೆ, ಅಂದರೆ ಬೆಳಕಿನ ಮೂರನೇ ಒಂದು ಭಾಗದಷ್ಟು ಮಾತ್ರ ಉಳಿಯುತ್ತದೆ. ಇಳಿದು ಮತ್ತೆ ಏರುವುದಕ್ಕೆ ಹತ್ತು ಗಂಟೆ ಹಿಡಿಯುತ್ತದೆ. ಈ ಕ್ರಮವನ್ನು 1783ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದವನು ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್ರಿಕ್. ಬಾಲ್ಯದಲ್ಲೇ ಶ್ರವಣಶಕ್ತಿ ಕಳೆದುಕೊಂಡಿದ್ದ ಅವನಿಗೆ ಆಗಿನ್ನೂ ಹದಿನೆಂಟು ವರ್ಷ. ಮಂಕಾದ ಕಾಯವೊಂದು ನಕ್ಷತ್ರವನ್ನು ಸುತ್ತುತ್ತಾ ನಮಗೆ ಅಡ್ಡ ಬರುತ್ತಿರಬಹುದು ಎಂಬ ಅವನ ಊಹೆ, ಆ ವಯಸ್ಸಿಗೂ ಆ ಕಾಲಕ್ಕೂ ಅಸಾಧಾರಣವಾದದ್ದು.

ಇದಕ್ಕೆ ಪುರಾವೆ ದೊರೆತದ್ದು ನೂರು ವರ್ಷಗಳ ಬಳಿಕ, ರೋಹಿತದಿಂದ, ಅಂದರೆ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯಿಂದ. ನಕ್ಷತ್ರ ದೂರ ಸರಿದರೆ ಈ ಪಟ್ಟಿಯಲ್ಲಿನ ಗೆರೆಗಳು ಕೆಂಪಿನ ಕಡೆಗೂ ಹತ್ತಿರ ಬಂದರೆ ನೀಲಿಯ ಕಡೆಗೂ ಸರಿಯುತ್ತವೆ. ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಹರ್ಮನ್ ಫೋಗಲ್ 1889ರಲ್ಲಿ ಆಲ್ಗಾಲ್‌ನ ರೋಹಿತದ ಗೆರೆಗಳನ್ನು ಅಳೆದಾಗ, ಬೆಳಕು ಕುಂದುವ ಮೊದಲು ನಕ್ಷತ್ರ ನಮ್ಮಿಂದ ದೂರ ಸರಿಯುವುದೂ ಕುಂದಿದ ಅನಂತರ ಹತ್ತಿರ ಬರುವುದೂ ಸ್ಪಷ್ಟವಾಯಿತು. ಕಣ್ಣಿಗೆ ಕಾಣದ ಸಂಗಾತಿಯೊಂದಿಗೆ ಅದು ಸುತ್ತುತ್ತಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಸಂಗಾತಿಯೂ ಪೂರ್ತಿ ಕತ್ತಲೆಯಲ್ಲವೆಂದು 1910ರಲ್ಲಿ ಜೋಯಲ್ ಸ್ಟೆಬಿನ್ಸ್ ತೋರಿಸಿದರು. ಸೆಲೆನಿಯಂ ಬಳಸಿದ ಬೆಳಕಿನ ಮಾಪಕದಿಂದ ಅವರು ಎರಡು ದೊಡ್ಡ ಗ್ರಹಣಗಳ ನಡುವೆ ಇನ್ನೊಂದು ಅತಿ ಸಣ್ಣ ಇಳಿತವನ್ನು ಗುರುತಿಸಿದರು. ಅದು ಸಂಗಾತಿ ಹಿಂದೆ ಸರಿದು ಮರೆಯಾಗುವ ಗಳಿಗೆ. ಈಚೆಗೆ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ಹಲವು ದೂರದರ್ಶಕಗಳ ಬೆಳಕನ್ನು ಒಟ್ಟುಗೂಡಿಸಿ ಎರಡನ್ನೂ ಬೇರೆಬೇರೆಯಾಗಿ ಚಿತ್ರಿಸಲಾಗಿದೆ. ಅವುಗಳ ನಡುವಿನ ಅಂತರ ಸೂರ್ಯನಿಂದ ಬುಧನಿಗಿರುವ ದೂರದ ಸುಮಾರು ಆರನೇ ಒಂದು ಭಾಗ. ಮೂರನೆಯ ನಕ್ಷತ್ರವೊಂದು ಈ ಜೋಡಿಯನ್ನು 680 ದಿನಗಳಿಗೊಮ್ಮೆ ಸುತ್ತುತ್ತದೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಹೌದು. ಆಲ್ಗಾಲ್‌ನ ನಿಜವಾದ ಸ್ವಾರಸ್ಯವೂ ಇದೇ ಎಂದು ನನ್ನ ಭಾವನೆ. ಪ್ರಕಾಶಮಾನವಾದ ನೀಲಿ-ಬಿಳಿ ನಕ್ಷತ್ರದ ರಾಶಿ (ಅದರಲ್ಲಿರುವ ದ್ರವ್ಯದ ಪ್ರಮಾಣ) ಸೂರ್ಯನ 3.2 ಪಟ್ಟು, ಮಂಕಾದದ್ದರ ರಾಶಿ 0.7 ಪಟ್ಟು ಮಾತ್ರ. ರಾಶಿ ಹೆಚ್ಚಿದಷ್ಟೂ ನಕ್ಷತ್ರ ತನ್ನ ಇಂಧನವನ್ನು ಬೇಗ ಮುಗಿಸಿ ಬೇಗ ಮುಪ್ಪಾಗಬೇಕು. ಇಲ್ಲಿ ಭಾರವಾದದ್ದು ಇನ್ನೂ ಜಲಜನಕವನ್ನೇ ಉರಿಸುತ್ತಿದೆ, ಹಗುರವಾದದ್ದು ಆ ಹಂತ ದಾಟಿ ಸೂರ್ಯನ ಮೂರೂವರೆ ಪಟ್ಟು ಗಾತ್ರಕ್ಕೆ ಉಬ್ಬಿದೆ. ಎರಡೂ ಒಟ್ಟಿಗೇ ಹುಟ್ಟಿದವಾದ್ದರಿಂದ ಇದು ಖಗೋಳಜ್ಞರನ್ನು ಬಹುಕಾಲ ಕಾಡಿತು. 1950ರ ದಶಕದಲ್ಲಿ ದೊರೆತ ಪರಿಹಾರ ಹೀಗಿದೆ: ಇಂದು ಹಗುರವಾಗಿರುವುದೇ ಹಿಂದೆ ಭಾರವಾಗಿತ್ತು. ಅದು ಮೊದಲು ಮುಪ್ಪಾಗಿ ಉಬ್ಬಿದಾಗ ಅದರ ಹೊರಪದರಗಳು ತನ್ನ ಗುರುತ್ವದ ಹಿಡಿತದ ಎಲ್ಲೆಯನ್ನು ಮೀರಿದವು, ಅಲ್ಲಿನ ಅನಿಲ ಪಕ್ಕದ ನಕ್ಷತ್ರಕ್ಕೆ ಹರಿಯಿತು, ಪಡೆದದ್ದು ಕೊಟ್ಟದ್ದಕ್ಕಿಂತ ದೊಡ್ಡದಾಯಿತು. ಆ ಹರಿವು ಸಣ್ಣ ಪ್ರಮಾಣದಲ್ಲಿ ಇಂದಿಗೂ ನಡೆಯುತ್ತಿದೆ.

ಬರಿಗಣ್ಣಿನಿಂದ ಖಂಡಿತ ಗಮನಿಸಬಹುದು. ಡಿಸೆಂಬರ್-ಜನವರಿಯ ಸಂಜೆ ಕೃತ್ತಿಕೆಯಿಂದ ಉತ್ತರಕ್ಕೆ, ಕ್ಯಾಸಿಯೋಪಿಯ ನಕ್ಷತ್ರಪುಂಜದ ದಿಕ್ಕಿನಲ್ಲಿ ನೋಡಿ. ಆಂಡ್ರೊಮಿಡಾ ಪುಂಜದ ಆಲ್ಮಾಕ್ ನಕ್ಷತ್ರಕ್ಕೆ ಆಲ್ಗಾಲ್ ಸಾಮಾನ್ಯವಾಗಿ ಸರಿಸಮನಾಗಿರುತ್ತದೆ. ಅದಕ್ಕಿಂತ ಎದ್ದು ಕಾಣುವಂತೆ ಮಂಕಾಗಿದ್ದರೆ ಗ್ರಹಣ ನಡೆದಿದೆ ಎಂದರ್ಥ. ಒಂದು ರಾತ್ರಿ ಹನ್ನೆರಡೂವರೆಗೆ ಅತಿ ಮಂಕಾಗಿದ್ದರೆ, ಮೂರು ರಾತ್ರಿ ಕಳೆದ ಮೇಲೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಮತ್ತೆ ಹಾಗಾಗುತ್ತದೆ. ಸಣ್ಣ ಇಳಿತ ಮಾತ್ರ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಉಪಕರಣ ಬೇಕು.