ಗುಣಸೇನನನ್ನು ಸುಮ್ನೆ ವಿಲನ್ ಮಾಡಬೇಡಿ

ನಮಸ್ಕಾರ. ಜೈನ ಆಚಾರ್ಯ ಹರಿಭದ್ರ ಸೂರಿಯ ಪ್ರಾಕೃತ ಕೃತಿ ‘ಸಮರಾಇಚ್ಚಕಹಾ’ದ ಮೊದಲ ಭವವನ್ನು, ಅಂದರೆ ಮೊದಲ ಜನ್ಮದ ಭಾಗವನ್ನು, ಕಥೆ ಮಾಡಿ ಕಳಿಸಿದ್ದೀರಿ. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗಲ್ಲ.

ರಾಜಕುಮಾರ ಗುಣಸೇನ ಕುರೂಪಿ ಅಗ್ನಿಶರ್ಮನನ್ನು ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿದ್ದು ಮೂಲದಲ್ಲೂ ಇದೆ, ಅದನ್ನು ಚೆನ್ನಾಗೇ ಬರೆದಿದ್ದೀರಿ. ಆದರೆ ಅದೇ ಅಗ್ನಿಶರ್ಮ ತಪಸ್ವಿಯಾದ ಮೇಲೆ, ರಾಜನಾಗಿದ್ದ ಗುಣಸೇನ ಅವನನ್ನು ಪಾರಣೆಗೆ, ಅಂದರೆ ಉಪವಾಸ ಮುಗಿಸುವ ಊಟಕ್ಕೆ, ಕರೆದು ಬೇಕಂತಲೇ ಊಟ ಕೊಡದೆ ಕಳಿಸುತ್ತಾನೆ ಅಂತ ಮಾಡಿದ್ದೀರಲ್ಲ, ಕಥೆ ಅಲ್ಲೇ ಮಲಗಿತು. ಮೂಲದಲ್ಲಿ ಅವನು ಭಕ್ತಿಯಿಂದ ಕರೆಯುತ್ತಾನೆ. ತಪಸ್ವಿ ತಿಂಗಳಿಗೊಮ್ಮೆ ಉಣ್ಣುವವನು, ಅದೂ ಮೊದಲು ಹೋದ ಮನೆಯಲ್ಲಿ ಮಾತ್ರ. ಅಲ್ಲಿ ಸಿಗದಿದ್ದರೆ ಇನ್ನೊಂದು ತಿಂಗಳು ಉಪವಾಸ. ಅವನು ಬರುವ ದಿನ ರಾಜನಿಗೆ ವಿಪರೀತ ತಲೆನೋವು, ಅರಮನೆಯೆಲ್ಲ ಗಾಬರಿ, ಬಾಗಿಲಿಗೆ ಬಂದವನನ್ನು ಕೇಳುವವರೇ ಇಲ್ಲ. ಎರಡನೇ ಸಲ ಯುದ್ಧದ ಗಡಿಬಿಡಿ. ಮೂರನೇ ಸಲ ಮಗ ಹುಟ್ಟಿದ ಸಂಭ್ರಮ. ನಮ್ಮ ಮದುವೆ ಮನೆಗಳಲ್ಲಿ ಪ್ರೀತಿಯಿಂದ ಕರೆದವರನ್ನೇ ಊಟಕ್ಕೆ ಏಳಿಸೋದು ಮರೀತಾರಲ್ಲ, ಹಾಗೆ. ಹಸಿದವನಿಗೆ ಮಾತ್ರ ಹಳೆಯ ಕತ್ತೆ ಸವಾರಿ ನೆನಪಾಗುತ್ತದೆ, ಇವನು ಈಗಲೂ ಆಟ ಆಡಿಸ್ತಿದ್ದಾನೆ ಅನ್ನಿಸುತ್ತದೆ. ಜನ್ಮಜನ್ಮಕ್ಕೂ ಇವನನ್ನು ಕೊಲ್ಲುತ್ತೇನೆ ಅಂತ ಅವನು ಮಾಡಿಕೊಳ್ಳುವ ನಿದಾನ (ತಪಸ್ಸಿನ ಫಲವಾಗಿ ಹೀಗೇ ಆಗಲಿ ಅನ್ನುವ ಸಂಕಲ್ಪ) ಒಂಬತ್ತು ಭವ ಓಡುವುದು ಈ ತಪ್ಪು ತಿಳಿವಳಿಕೆಯ ಬಲದ ಮೇಲೆ. ನೀವು ಇಡೀ ಪಾರಣೆಯನ್ನು ನಾಲ್ಕು ಸಾಲಲ್ಲಿ ಮುಗಿಸಿ, ಕರ್ಮದ ಬಗ್ಗೆ ಎರಡು ಪುಟ ಪ್ರವಚನ ಹಾಕಿದ್ದೀರಿ. ಅದು ಉಲ್ಟಾ ಆಗಬೇಕು.

ಭಾಷೆಯದ್ದೂ ಒಂದು ಮಾತು. ‘ಕ್ರೋಧಾಗ್ನಿದಗ್ಧ ಮುನಿವರ್ಯ’ ಯಾಕೆ? ಹರಿಭದ್ರ ಸಂಸ್ಕೃತದಲ್ಲಿ ದೊಡ್ಡ ಪಂಡಿತ, ಆದರೂ ಈ ಕಥೆಗೆ ಪ್ರಾಕೃತ ಹಿಡಿದ. ಅಲ್ಲಿ ಇವನ ಹೆಸರು ಅಗ್ಗಿಸಮ್ಮ. ನಮ್ಮ ಅಜ್ಜಿಯ ಅಗ್ಗಿಷ್ಟಿಕೆಯಲ್ಲಿರೋದೂ ಅದೇ ಅಗ್ಗಿ. ಹೆಸರನ್ನು ಹಾಗೇ ಇಟ್ಟುಕೊಳ್ಳಿ.

ಪತ್ರದಲ್ಲಿ ‘ಕನ್ನಡಕ್ಕೆ ಪೂರ್ತಿ ಹೊಸ ಲೋಕ’ ಅಂತ ಬರೆದಿದ್ದೀರಿ. ಅಷ್ಟೇನೂ ಹೊಸತಲ್ಲ. ಇದೇ ಕೃತಿಯ ನಾಲ್ಕನೇ ಭವದಲ್ಲಿ ಯಶೋಧರನ ಕಥೆ ಇದೆ, ಹಿಟ್ಟಿನ ಕೋಳಿಯನ್ನು ಬಲಿ ಕೊಡುವ ಆ ಕಥೆಯನ್ನು ನಮ್ಮ ಜನ್ನ ‘ಯಶೋಧರ ಚರಿತೆ’ಯಲ್ಲಿ 1209ರಲ್ಲೇ ಹೇಳಿದ್ದಾನೆ. ಅವನಲ್ಲಿ ಮಾವುತ ತನ್ನನ್ನು ಮೆಚ್ಚಿ ಬಂದ ರಾಣಿ ಅಮೃತಮತಿಯನ್ನು ಹೊಡೆಯುವ ಜಾಗ ಮತ್ತೆ ಓದಿ. ಯಾರು ಸರಿ, ಯಾರು ತಪ್ಪು ಅಂತ ಜನ್ನ ನಡುವೆ ಬಂದು ಹೇಳ್ತಾ ಕೂರಲ್ಲ, ಅಲ್ವಾ?

ಮೂರು ಪಾರಣೆಗಳನ್ನಷ್ಟೇ ಇಟ್ಟುಕೊಂಡು, ಅರಮನೆಯ ಬಾಗಿಲಲ್ಲಿ ನಿಂತವನ ಕಡೆಯಿಂದ ಬರೆದು ಕಳಿಸಿ. ಅವಸರವಿಲ್ಲ.