ನಿಧಾನವೇ ದೋಷವೇ?

ಪ್ರಶ್ನೆ: 'ಸಪ್ತ ಸಾಗರದಾಚೆ ಎಲ್ಲೋ' ನೋಡಿದೆ. ಸುಂದರವಾಗಿದೆ, ಆದರೆ ಬಹಳ ನಿಧಾನ. ನಿರ್ದೇಶಕ ಹೇಮಂತ್ ರಾವ್ ಅವರ ಹಳೆಯ ಚಿತ್ರಗಳೂ ಹೀಗೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಿಂದ ಆರಂಭಿಸಿ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಪಾತ್ರದಲ್ಲಿ ಅನಂತ್ ನಾಗ್ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಅದನ್ನು ನನ್ನ ತಾಯಿಯ ಪಕ್ಕದಲ್ಲಿ ಕುಳಿತು ನೋಡಿದೆ. ಆಗಲೇ ಅವರು ನನ್ನನ್ನು ನನ್ನ ಸೋದರಮಾವನ ಹೆಸರಿನಿಂದ ಕರೆಯತೊಡಗಿದ್ದರು. ಚಿತ್ರ ಮುಗಿದ ಮೇಲೂ ಅವರ ಕೈ ಬಿಡಲು ನನಗೆ ಮನಸ್ಸಾಗಲಿಲ್ಲ.

2019ರ 'ಕವಲುದಾರಿ' ಪತ್ತೇದಾರಿ ಕಥೆ, ಓಟವೂ ಚುರುಕು. ಆದರೆ ಅಲ್ಲಿಯೂ ನೆಲದಡಿ ಸಿಕ್ಕ ಎಲುಬುಗಳ ಹಿಂದೆ ಬೀಳುವ ಸಂಚಾರಿ ಪೊಲೀಸನಿಗೆ ದಶಕಗಳ ಹಿಂದೆ ಇಲ್ಲವಾದವರನ್ನು ಬಿಟ್ಟುಬಿಡಲು ಆಗುವುದಿಲ್ಲ. 'ಸಪ್ತ ಸಾಗರದಾಚೆ'ಯ ಮನುವಿಗೂ ಅಷ್ಟೇ: ಸೆರೆಮನೆ ಸೇರಿದರೂ ಪ್ರೇಯಸಿ ಪ್ರಿಯಾಳ ದನಿಯನ್ನು ಬಿಡಲಾರ. ಕಳೆದುಕೊಂಡವರನ್ನು ಹುಡುಕುವುದೇ ಈ ನಿರ್ದೇಶಕರ ಕಥೆ. ಹುಡುಕಾಟಕ್ಕೆ ಸಮಯ ಬೇಕು. ಎರಡು ಭಾಗಗಳಲ್ಲಿ ಬಂದ 'ಸಪ್ತ ಸಾಗರದಾಚೆ'ಯ ಮೊದಲ ಭಾಗದಲ್ಲಿ ಜೈಲಿನ ಭೇಟಿಗಳು ಒಂದರ ಹಿಂದೊಂದು ಬರುವಾಗ ಪ್ರಿಯಾ ಸವೆಯುವುದನ್ನು ರುಕ್ಮಿಣಿ ವಸಂತ್ ಮುಖದಲ್ಲಿ ಗಮನಿಸಿ. ಅವಸರ ಮಾಡಿದ್ದರೆ ಅದು ನಮಗೆ ದಕ್ಕುತ್ತಿರಲಿಲ್ಲ.

2023ರ ನವೆಂಬರಿನಲ್ಲಿ ಬಂದ ಎರಡನೆಯ ಭಾಗದ ಬಗ್ಗೆ ಮಾತ್ರ ನಿಮ್ಮ ದೂರನ್ನು ಒಪ್ಪುತ್ತೇನೆ. ಮನು ಪ್ರಿಯಾಳ ಮನೆಯ ಸುತ್ತ ಸುಳಿಯುವುದನ್ನು ಚಿತ್ರ ನಿಧಾನವಾಗಿ, ಪ್ರೀತಿಯೆಂದೇ ನೋಡುತ್ತದೆ, ನನಗೆ ಭಯವಾಯಿತು. ಮೂರೂ ಚಿತ್ರಗಳಿಗೆ ಚರಣ್ ರಾಜ್ ಅವರದೇ ಸಂಗೀತ. 'ಗೋಧಿ ಬಣ್ಣ'ವನ್ನು ಮನೆಯ ಹಿರಿಯರ ಜೊತೆ ನೋಡಿ, ಮತ್ತೆ ಬರೆಯಿರಿ.