ಪಾನಾ ತಗುಲಿ ಕಿಡಿ ಹಾರಿದಾಗ

ಪ್ರಶ್ನೆ: ಟ್ರ್ಯಾಕ್ಟರ್ ಬ್ಯಾಟರಿಯ ಪ್ಲಸ್ ನಟ್ ಬಿಗಿ ಮಾಡುವಾಗ ಪಾನಾದ ಇನ್ನೊಂದು ತುದಿ ಬಾಡಿಗೆ ತಗುಲಿ ದೊಡ್ಡ ಕಿಡಿ ಹಾರಿತು, ಪಾನಾ ಅಂಟಿಕೊಂಡೇಬಿಟ್ಟಿತು. ಬರೀ 12 ವೋಲ್ಟಿಗೆ ಇಷ್ಟು ಶಕ್ತಿಯೇ? ಬ್ಯಾಟರಿ ಇನ್ನು ಬಳಸಬಹುದೇ?
— ರೈತ ಓದುಗರು, ಸಿಂಧನೂರು

ಉತ್ತರ: 12 ವೋಲ್ಟ್ ಒಣ ಕೈಗೆ ಶಾಕ್ ಹೊಡೆಯುವುದಿಲ್ಲ, ನಿಜ. ಅಪಾಯ ಇರುವುದು ಕರೆಂಟಿನಲ್ಲಿ. ಇಂಥ ಬ್ಯಾಟರಿಯ ಒಳರೋಧ (ಕರೆಂಟಿಗೆ ಬ್ಯಾಟರಿಯೊಳಗೇ ಇರುವ ತಡೆ) ಓಮಿನ ನೂರನೇ ಒಂದು ಭಾಗದ ಆಸುಪಾಸು. 12ನ್ನು 0.01ರಿಂದ ಭಾಗಿಸಿ: 1200 ಆಂಪಿಯರ್! ಅದರ ಅರ್ಧ ಹರಿದರೂ ಕಬ್ಬಿಣ ಕರಗಿ ಬೆಸುಗೆಯಾಗುತ್ತದೆ. ಪಾನಾದ ಜಾಗದಲ್ಲಿ ನಿಮ್ಮ ಉಂಗುರವೋ ಕಡಗವೋ ಇದ್ದಿದ್ದರೆ ಬೆರಳೇ ಸುಡುತ್ತಿತ್ತು. ಮೊದಲು ಅವನ್ನು ತೆಗೆದಿಡಿ.

ತಪ್ಪಾದದ್ದು ಕ್ರಮದಲ್ಲಿ. ಮೈನಸ್ ವೈರು ಬಾಡಿಗೆ ಜೋಡಿಸಿರುತ್ತದೆ. ಆದ್ದರಿಂದ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಬಿಚ್ಚಿದ್ದರೆ ಪಾನಾ ಎಲ್ಲಿ ತಗುಲಿದರೂ ಸರ್ಕ್ಯೂಟ್ ಪೂರ್ತಿಯಾಗದು. ಪಾನಾದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ತೊಡಿಸಿ.

ಕಿಡಿಗಿಂತ ಭಯಂಕರವಾದದ್ದು ಗ್ಯಾಸ್. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಶೇ. 4ರಷ್ಟಿದ್ದರೂ ಹೊತ್ತಿಕೊಂಡು ಬ್ಯಾಟರಿ ಸಿಡಿಯಬಹುದು. ಚಾರ್ಜರ್ ತೆಗೆದ ಕೂಡಲೇ ನಟ್ ಮುಟ್ಟಬೇಡಿ. ರಾಯಚೂರು ಕಡೆಯ ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ, ಮಟ್ಟ ಇಳಿದಷ್ಟೂ ಒಳಗೆ ಗ್ಯಾಸಿಗೆ ಜಾಗ ಹೆಚ್ಚು. ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ನೀರು ಇರಲಿ. ಆಸಿಡ್ ಕಣ್ಣಿಗೆ ಬಿದ್ದರೆ 20 ನಿಮಿಷ ನೀರು ಹರಿಸಿ, ನೇರ ಆಸ್ಪತ್ರೆಗೆ ಹೋಗಿ.

ನಿಮ್ಮ ಬ್ಯಾಟರಿಯ ಡಬ್ಬಿ ಉಬ್ಬಿದ್ದರೆ, ಸೀಳಿದ್ದರೆ, ವೈರು ಕಚ್ಚಿಸುವ ಕಂಬ (ಟರ್ಮಿನಲ್) ಕರಗಿದ್ದರೆ ಬದಲಾಯಿಸಿ. ಇಲ್ಲವಾದರೆ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಮೀಟರ್ ಹಿಡಿಯಿರಿ: 12.6 ವೋಲ್ಟ್ ಇದ್ದರೆ, ಸ್ಟಾರ್ಟ್ ಮಾಡುವಾಗ 10ಕ್ಕಿಂತ ಕೆಳಗಿಳಿಯದಿದ್ದರೆ ಧಾರಾಳವಾಗಿ ಬಳಸಿ.